ಅಜ್ಜಿ ಮನೆಗೆ ಹೋದ ಕೂಸು

ಮೊನ್ನೆ ಕಟ್ಟೆಯ ಮೇಲೆ ಕುಳಿತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ಎದುರು ಮನೆಯ ನಾಯಿಮರಿ ಹಿಂದಿನ ದಿನ ಟ್ರ್ಯಾಕ್ಟರಿನ ಗಾಲಿಗೆ ಸಿಕ್ಕಿ ಸತ್ತಿತ್ತು. ಆ ಮನೆಯ ಮೂರು ವರ್ಷದ ಹುಡುಗಿ ಖಾಲಿ ಸರಪಳಿ ಹಿಡಿದು ಅಂಗಳದಲ್ಲಿ ನಿಂತು, "ಅಮ್ಮ, ಕರಿಯ ಎಲ್ಲಿ?" ಎಂದು ಕೇಳಿತು. ತಾಯಿ ಬಟ್ಟೆ ಒಣಹಾಕುತ್ತಿದ್ದಳು. ತಿರುಗಿಯೂ ನೋಡದೆ, "ಅಜ್ಜಿ ಮನೆಗೆ ಹೋಗೈತೆ ಕಣೆ" ಅಂದಳು. ನನ್ನ ಕೈ ಸೊಪ್ಪಿನ ಮೇಲೆ ಹಾಗೇ ನಿಂತಿತು.

ನಿಮ್ಮ ಮನೆಯಲ್ಲೂ ಈ ಮಾತು ಇದ್ದೀತು. ನಮ್ಮ ಕಡೆಯಲ್ಲಂತೂ ಮಕ್ಕಳ ಕಣ್ಣಿಂದ ಮರೆಯಾದದ್ದೆಲ್ಲ ಹೋಗುವುದು ಅಜ್ಜಿ ಮನೆಗೇ. ಹಾಲು ಬಿಡಿಸುವಾಗ ತಾಯಿಯ ಎದೆಹಾಲು ಅಜ್ಜಿ ಮನೆಗೆ ಹೋಗುತ್ತದೆ. ತಲೆ ತಿನ್ನುವ ಪೀಪಿ ಹೋಗುತ್ತದೆ. ಮಾರಿದ ಕರು, ಹರಿದ ಬೊಂಬೆ, ಮುಗಿದುಹೋದ ಕೊಬ್ಬರಿ ಮಿಠಾಯಿ, ಎಲ್ಲವೂ ಅಲ್ಲಿಗೇ. ಇಷ್ಟೆಲ್ಲ ಬಂದು ಬಿದ್ದರೆ ಆ ಅಜ್ಜಿ ಕಾಲು ಚಾಚುವುದೆಲ್ಲಿ ಎಂದು ಯಾರೂ ಯೋಚಿಸುವುದಿಲ್ಲ. ನಾನು ಯೋಚಿಸಿದ್ದೇನೆ. ಯಾಕೆಂದರೆ ಒಂದು ಸಲ ಆ ಅಜ್ಜಿ ನಾನೇ ಆಗಿದ್ದೆ. ನನ್ನ ಮನೆಗೆ ಹೋಯಿತೆಂದು ಹೇಳಿದ್ದು ಕರುವಲ್ಲ, ಪೀಪಿಯಲ್ಲ. ನಲವತ್ತು ದಿನದ ಕೂಸು.

ಎಮರ್ಜೆನ್ಸಿ ಮುಗಿದ ಮಾರನೇ ವರ್ಷವಿರಬೇಕು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಇಸವಿ ಕೇಳಬೇಡಿ. ನನ್ನ ಹಿರಿಮಗಳು ಗೌರಿಯನ್ನು ಹೊನ್ನಾಳಿಗೆ ಕೊಟ್ಟಿದ್ದೆವು. ಅಳಿಯ ಶಿವಮೂರ್ತಿ ಹಗ್ಗ, ಮೂಗುದಾರ, ಬಾರುಕೋಲು ಮಾರುವ ಅಂಗಡಿ ಇಟ್ಟಿದ್ದರು. ಗಿರಾಕಿ ಹತ್ತು ಮಾತಾಡಿದರೆ ಇವರು ಒಂದು. ಎರಡು ಹೆಣ್ಣುಮಕ್ಕಳು. ದೊಡ್ಡವಳು ಸುಮ, ಎಂಟು ವರ್ಷ. ಚಿಕ್ಕವಳನ್ನು ಎಲ್ಲರೂ ಪುಟ್ಟಿ ಅನ್ನುತ್ತಿದ್ದರು, ಇನ್ನೂ ಐದು ತುಂಬಿರಲಿಲ್ಲ. ಮೂರನೆಯದು ಗಂಡಾಯಿತು. ಗಂಡು ಹುಟ್ಟಿದ ಮೇಲೆ ಆ ಮನೆಯಲ್ಲಿ ಹೆಣ್ಣುಮಕ್ಕಳ ಜೊತೆ ಮೂರೇ ಮಾತು: ಸದ್ದು ಮಾಡಬ್ಯಾಡ್ರೆ, ಮುಟ್ಟಬ್ಯಾಡ್ರೆ, ಆಚೆ ಹೋಗ್ರೆ. ನಾನು ನೋಡಿದ್ದೆ. ನೋಡಿ ಸುಮ್ಮನಿದ್ದೆ. ನಾನೂ ಅದೇ ಸಂತೋಷದಲ್ಲಿದ್ದೆ, ಸುಳ್ಳು ಯಾಕೆ ಹೇಳಲಿ.

ಕೂಸಿಗೆ ಎರಡು ದಿನ ಜ್ವರ ಬಂತು. ಮೂರನೇ ದಿನ ಬೆಳಗ್ಗೆ ಕೂಸು ಇರಲಿಲ್ಲ. ಜ್ವರ ಜೋರಾದಾಗಲೇ ಹೆಣ್ಣುಮಕ್ಕಳನ್ನು ಅವರ ಸೋದರತ್ತೆಯ ಮನೆಗೆ, ನ್ಯಾಮತಿಗೆ ಕಳಿಸಿಬಿಟ್ಟಿದ್ದರು. ನನಗೆ ಸುದ್ದಿ ಮುಟ್ಟಿ, ಜಗಳೂರಿನಿಂದ ದಾವಣಗೆರೆ, ಅಲ್ಲಿಂದ ಹರಿಹರ, ಅಲ್ಲಿಂದ ಹೊನ್ನಾಳಿ ಎಂದು ಬಸ್ಸು ಬದಲಿಸಿ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಷ್ಟು ಸಣ್ಣ ಕೂಸಿಗೆ ನಮ್ಮಲ್ಲಿ ಹಾಲುತುಪ್ಪವಿಲ್ಲ, ತಿಥಿಯಿಲ್ಲ. ಇಬ್ಬರು ಗಂಡಸರು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ಮಣ್ಣು ಮಾಡುತ್ತಾರೆ. ನಾಯಿ ಕೆದರದಂತೆ ಮೇಲೆ ಮುಳ್ಳು ಕವುಚುತ್ತಾರೆ. ಹಿಂತಿರುಗಿ ನೋಡದೆ ಬರುತ್ತಾರೆ. ಹೆಂಗಸರು ಹೋಗುವುದಿಲ್ಲ. ಹೆತ್ತವಳಂತೂ ಜಾಗ ಯಾವುದೆಂದು ಕೇಳಲೂ ಕೂಡದು, ಕೇಳಿದರೆ ಮುಂದೆ ಹುಟ್ಟುವ ಮಕ್ಕಳಿಗೆ ಒಳ್ಳೆಯದಲ್ಲವಂತೆ.

ಗೌರಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಹಾಲು ಬತ್ತಲಿ ಎಂದು ಎದೆಗೆ ಮಲ್ಲಿಗೆ ಹೂವು ಕಟ್ಟಿದ್ದರು. ಕೋಣೆಯ ತುಂಬ ಮದುವೆಮನೆಯ ವಾಸನೆ. ನಾಲ್ಕನೇ ದಿನ ನ್ಯಾಮತಿಯಿಂದ ಬಂದ ಮಕ್ಕಳು ಬಾಗಿಲಲ್ಲಿ ನಿಂತು ಅದನ್ನೇ ಮೂಸಿದವು. "ಅವ್ವ ಹೂವು ಮುಡ್ಕಂಡವಳೆ" ಎಂದು ಪುಟ್ಟಿ ಖುಷಿಯಿಂದ ಅಂದಳು. ಹೂವಿರುವ ಮನೆಯಲ್ಲಿ ಕೆಟ್ಟದ್ದು ನಡೆದಿರುತ್ತದೆಂದು ಆ ವಯಸ್ಸಿಗೆ ಹೇಗೆ ತಿಳಿಯಬೇಕು? ಆ ಸಂಜೆ ಅವಕ್ಕೆ ಯಾರೋ ಏನೋ ಹೇಳಿದ್ದಾರೆ, ನಾನು ಹಿತ್ತಲಲ್ಲಿ ನೀರು ಕಾಯಿಸುತ್ತಿದ್ದೆ, ನನಗೆ ಗೊತ್ತಾಗಲಿಲ್ಲ. ಗೊತ್ತಾದದ್ದು ಇಷ್ಟೇ: ಎರಡು ದಿನ ಬಿಟ್ಟು, ಗೌರಿಗೆ ಸ್ವಲ್ಪ ಸುಧಾರಿಸಿಕೊಳ್ಳಲು ಆಗಲಿ ಎಂದು ನಾನು ಮಕ್ಕಳನ್ನು ಜಗಳೂರಿಗೆ ಕರೆದುಕೊಂಡು ಹೊರಟಾಗ, ಸುಮ ನನಗಿಂತ ಮೊದಲೇ ಬಸ್‌ಸ್ಟ್ಯಾಂಡಿಗೆ ಓಡಿದಳು. ಕಂಕುಳಲ್ಲಿ ಒಂದು ಗಂಟು. ಬಿಚ್ಚಿ ತೋರಿಸೆಂದರೆ ತೋರಿಸಲಿಲ್ಲ.

ಮನೆ ಮುಟ್ಟಿದ್ದೇ ತಡ, ಎರಡೂ ಒಳಗೆ ನುಗ್ಗಿದವು. ನಮ್ಮ ಮನೆಯವರು ಕಾಲು ತೊಳೆಯಲು ನೀರು ಕೊಟ್ಟರೆ ಮುಟ್ಟಲಿಲ್ಲ. ಅಡುಗೆಮನೆ, ದೇವರ ಕೋಣೆ, ದನದ ಕೊಟ್ಟಿಗೆ, ರಾಗಿ ತುಂಬಿಡುವ ವಾಡೆಯ ಹಿಂದೆ, ಎಲ್ಲ ಕಡೆ ಇಣುಕಿದವು. ಬೆಲ್ಲ ಹುಡುಕುತ್ತಿದ್ದಾವೆ ಎಂದುಕೊಂಡು ನಾನು ಬೈದೆ. ಮಾರನೇ ದಿನವೂ ಇದೇ. ಪಕ್ಕದ ಮನೆಯವಳು ಬಂದು, "ಏನ್ರೀ, ನಿಮ್ಮ ಮೊಮ್ಮಕ್ಕಳು ನಮ್ಮ ತೊಟ್ಟಿಲಿಗೆ ಕೈ ಹಾಕಿ ನೋಡ್ತಾವೆ" ಎಂದು ದೂರಿದಳು. ಸುಮನ ಕೈಗೆ ಒಂದು ಏಟು ಕೊಟ್ಟೆ. ನನ್ನ ಕೈ ನನ್ನ ಬಾಯಿಯಷ್ಟೇ ಬಿರುಸು.

ಮೂರನೇ ದಿನ ಬೀಸುಕಲ್ಲಿನ ಹಿಂದೆ ಹುಳಿ ವಾಸನೆ. ಸರಿಸಿ ನೋಡಿದರೆ ಲೋಟದಲ್ಲಿ ಒಡೆದ ಹಾಲು, ಮೇಲೆ ಇರುವೆ ತೇಲುತ್ತಿದ್ದವು. ಪುಟ್ಟಿಗೆ ಕುಡಿಯಲು ಕೊಟ್ಟ ಹಾಲು.

"ಯಾಕೆ ಚೆಲ್ಲಿದ್ಯೆ? ಹಾಲೇನು ಬಾವ್ಯಾಗೆ ಬರ್ತೈತಾ?" ಅಂದೆ.

"ಚೆಲ್ಲಿಲ್ಲ. ಪಾಪಂಗೆ ಇಟ್ಟಿದ್ದೆ."

"ಯಾವ ಪಾಪನೆ?"

ಪುಟ್ಟಿ ನನ್ನನ್ನು ದುರುಗುಟ್ಟಿ ನೋಡಿದಳು. "ನಮ್ಮ ಪಾಪ. ನೀನೇ ಬಚ್ಚಿಟ್ಟಿದೀಯಲ್ಲ. ಎಲ್ಲಿ ಬಚ್ಚಿಟ್ಟಿದೀಯ, ಹೇಳಜ್ಜಿ."

ಸುಮ ಓಡಿ ಬಂದು ತಂಗಿಯ ಬಾಯಿ ಮುಚ್ಚಿದಳು, ಆದರೆ ಮಾತು ಹೊರಗೆ ಬಿದ್ದಾಗಿತ್ತು. ಜಗಳೂರಜ್ಜಿ ಮನೆಗೆ ಹೋಗೈತೆ ಎಂದು ಹೇಳಿದ್ದರು. ಈ ಎರಡು ಮಕ್ಕಳು ಅದನ್ನು ಹಾಗೇ ನಂಬಿದ್ದವು.

ನಮ್ಮ ಮನೆಯವರು ಮೆತ್ತಗಿನ ಮನುಷ್ಯ. ಯಾರ ಕಣ್ಣಲ್ಲೂ ನೀರು ನೋಡಲಾರರು. ನಾನು ಬಾಯಿ ತೆರೆಯುವ ಮೊದಲೇ ಅವರು, "ಪಾಪ ಇಲ್ಲೇ ಇತ್ತವ್ವ. ನೀವು ಬರಾಕೆ ಮುಂಚೆ ಚನ್ನಗಿರಿ ದೊಡ್ಡಜ್ಜಿ ಮನೆಗೆ ಹೋತು" ಅಂದರು. ಚನ್ನಗಿರಿಯಲ್ಲಿ ನನ್ನ ಅಕ್ಕನ ಮನೆಯಿತ್ತು. ನನ್ನ ಮಗ ಈರಣ್ಣ ಅಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದ.

"ಯಾವ ಬಸ್ಸಿಗೆ ಹೋತು?" ಸುಮ ಕೇಳಿದಳು.

"ಬೆಳಗ್ಗೆ ಬಸ್ಸಿಗೆ."

"ಯಾರು ಎತ್ಕಂಡು ಹೋದ್ರು?"

ಅವರು ನನ್ನ ಮುಖ ನೋಡಿದರು. "ಈರಣ್ಣ ಮಾಮ."

"ಹಂಗಾದ್ರೆ ನಾಳೆ ನಾವೂ ಚನ್ನಗಿರಿಗೆ ಹೋಗಾನ ಅಜ್ಜ."

ಅವರನ್ನು ಹಿತ್ತಲಿಗೆ ಕರೆದು ಹೇಳಿದೆ: "ಚನ್ನಗಿರಿಯಾಗೂ ಸಿಗದಿದ್ರೆ ಆಮೇಲೆ ಎಲ್ಲಿಗೆ ಕಳಿಸ್ತೀರಿ? ತ್ಯಾವಣಿಗೆಗಾ? ಸತ್ತ ಕೂಸಿಗೆ ಇನ್ನೆಷ್ಟು ಬಸ್ಸು ಹತ್ತಿಸ್ತೀರಿ?"

"ಸಣ್ಣವು ಕಣೆ. ನಾಕು ದಿನಕ್ಕೆ ಮರೀತಾವೆ. ನಿನ್ನ ಬಾಯಿಂದ ಮಾತ್ರ ಏನೂ ಹೇಳಬ್ಯಾಡ."

"ಹಾಲು ಎತ್ತಿಡಾವು ಮರೀತಾವಾ?"

ಅವರು ದನಕ್ಕೆ ಮೇವು ಹಾಕಲು ಹೋದರು. ಹಾಕಿದ ಮೇವನ್ನೇ ಮತ್ತೆ ಎತ್ತಿ ಮತ್ತೆ ಹಾಕಿದರು.

ಆಗ ಬಿತ್ತನೆಗೆ ಮುಂಚಿನ ದಿನಗಳು. ಬೀಜದ ಶೇಂಗಾ ಸುಲಿಯುವ ಕೆಲಸ ರಾಶಿ ಬಿದ್ದಿತ್ತು. ನಿಮಗೆ ಗೊತ್ತಿರಬಹುದು, ಬಿತ್ತುವ ಬೀಜವನ್ನು ಕೈಯಿಂದಲೇ ಸುಲಿಯಬೇಕು. ಮೇಲಿನ ಕೆಂಪು ಸಿಪ್ಪೆ ಸ್ವಲ್ಪ ಕಿತ್ತರೂ ಮೊಳಕೆ ಬರುವುದಿಲ್ಲ. ಎಂಥ ಮಾತುಗಾತಿಯೂ ಆ ಕೆಲಸಕ್ಕೆ ಕುಳಿತರೆ ಕಣ್ಣು ಕೆಳಗೆ ಹಾಕಿಯೇ ಮಾತಾಡಬೇಕು. ಅದಕ್ಕೇ ಆರಿಸಿಕೊಂಡೆ. ಕಣ್ಣಲ್ಲಿ ಕಣ್ಣಿಟ್ಟು ಇಂಥದ್ದನ್ನು ಹೇಳುವ ಧೈರ್ಯ ನನಗೂ ಇರಲಿಲ್ಲ. ಮಾರನೇ ದಿನ ಬೆಳಗ್ಗೆ ಪಡಸಾಲೆಯಲ್ಲಿ ರಾಶಿ ಸುರುವಿ ಇಬ್ಬರನ್ನೂ ಕೂರಿಸಿಕೊಂಡೆ.

"ಸುಮಿ, ಪುಟ್ಟಿ, ಕೇಳ್ರಿಲ್ಲಿ. ಪಾಪ ನಮ್ಮನೆಗೆ ಬಂದೇ ಇಲ್ಲ. ಚನ್ನಗಿರಿಗೂ ಹೋಗಿಲ್ಲ. ಜ್ವರ ಬಂದು ಸತ್ತೋತು. ಹೊನ್ನಾಳಿ ಹೊಳೆ ದಂಡೇಲಿ ಮಣ್ಣು ಮಾಡ್ಯಾರೆ."

ಪುಟ್ಟಿ ಕೇಳಿದಳು: "ಮಣ್ಣಾಗೆ ಉಸಿರು ಕಟ್ಟಲ್ವ?"

"ಸತ್ತ ಮೇಲೆ ಉಸಿರೇ ಇರಲ್ಲ. ಕಟ್ಟಾದೆಲ್ಲಿಂದ ಬಂತು."

"ಹೊಟ್ಟೆ ಹಸಿಯಲ್ವ?"

"ಅದೂ ಇಲ್ಲ."

"ಮತ್ತೆ ಯಾವಾಗ ಬರ್ತೈತೆ?"

"ಬರಲ್ಲ."

"ದೀಪಾವಳಿಗೆ?"

"ದೀಪಾವಳಿಗೂ ಬರಲ್ಲ ಕಣವ್ವ."

ಪುಟ್ಟಿ ಗಟ್ಟಿಯಾಗಿ ಅತ್ತಳು. ಅಳಲಿ ಎಂದು ಬಿಟ್ಟೆ. ನನಗೆ ದಿಗಿಲಾದದ್ದು ಸುಮನನ್ನು ನೋಡಿ. ಅವಳು ಅಳಲಿಲ್ಲ. ಸುಲಿಯುವ ಕೈ ಜೋರಾಯಿತು. ಕಾಯಿಯ ಜೊತೆ ಬೀಜವೂ ಎರಡು ಹೋಳಾಗಿ ಬೀಳತೊಡಗಿತು. ಮೆಲ್ಲಗೆ ಎಂದು ಗದರಿಸಿದೆ. ಆಗ ಅವಳು ರಾಶಿಗೇ ಹೇಳಿದಂತೆ, "ನಾನೇ ಕಳಿಸಿದ್ದು" ಅಂದಳು.

"ಏನೆ ಅದು?"

"ಅದು ಬರೀ ಅಳ್ತಿತ್ತಲ್ಲ. ಅವ್ವ ನನ್ನ ಜಡೆ ಹಾಕಿರಲಿಲ್ಲ, ಇಸ್ಕೂಲಿಗೆ ಹೊತ್ತಾಗಿತ್ತು. ಇದನ್ನ ಜಗಳೂರಜ್ಜಿ ಮನೆಗೆ ಕಳಿಸ್ಬಿಡು ಅಂದೆ. ಆಮೇಲೆ ಜ್ವರ ಬಂತು. ಆಮೇಲೆ ಜಗಳೂರಜ್ಜಿ ಮನೆಗೇ ಹೋಗೈತೆ ಅಂದ್ರು." ಇನ್ನೊಂದು ಕಾಯಿ ಎತ್ತಿಕೊಂಡು, "ವಾಪಸ್ ಕರ್ಕಂಡು ಹೋಗಾಕೆ ಬಂದಿದ್ದೆ ಅಜ್ಜಿ" ಅಂದಳು.

ಗಂಟಿನಲ್ಲಿ ಇದ್ದದ್ದು ಏನೆಂದು ಆಮೇಲೆ ನೋಡಿದೆ. ಕೂಸಿನ ಕುಲಾವಿ, ಎರಡು ಲಂಗೋಟಿ, ಒಂದು ಹಳೇ ಸೀರೆಯ ತುಂಡು. ಎಂಟು ವರ್ಷದ ಹುಡುಗಿ ಹಿಂತಿರುಗುವ ಪ್ರಯಾಣಕ್ಕೆ ಎಲ್ಲ ಕಟ್ಟಿಕೊಂಡು ಬಂದಿತ್ತು.

ಓದಿದವರಾಗಿದ್ದರೆ ಆ ಹೊತ್ತಿಗೆ ಏನಾದರೂ ಒಳ್ಳೆಯ ಮಾತು ಆಡುತ್ತಿದ್ದರೇನೋ. ನನಗೆ ಬಂದದ್ದು ಸಿಟ್ಟು, ಆ ಸಿಟ್ಟಿನಲ್ಲೇ ಹೇಳಿದೆ: "ಓಹೋ, ನಿನ್ನ ಮಾತಿಗೆ ಅಷ್ಟು ಬಲ ಐತೇನೆ? ಹಂಗಾದ್ರೆ ನನಗ್ಯಾಕೆ ಈ ಕಷ್ಟ? ಈ ಶೇಂಗಾಕ್ಕೆ ಹೇಳು, ಎಲ್ಲಾ ತಾನೇ ಸುಲ್ಕೊಳ್ಳಲಿ ಅಂತ. ಹೇಳು ನೋಡಾನ."

ಅವಳು ನಾನು ತಮಾಷೆ ಮಾಡುತ್ತಿದ್ದೇನೆಯೇ ಎಂದು ಮುಖ ನೋಡಿದಳು. ನಾನು ನಗಲಿಲ್ಲ.

"ಸುಲ್ಕೊಳ್ರಿ" ಅಂದಳು, ಮೆಲ್ಲಗೆ.

"ಗಟ್ಟಿಯಾಗಿ ಅನ್ನು. ಅವತ್ತು ಸಿಟ್ಟಿನಾಗೆ ಹೆಂಗಂದಿದ್ಯೋ ಹಂಗೇ."

"ಸುಲ್ಕೊಳ್ರಿ!" ಅಂದಳು. ಪುಟ್ಟಿ ಅಳು ನಿಲ್ಲಿಸಿ ರಾಶಿಯನ್ನೇ ನೋಡಿತು. ಮೂವರೂ ಕಾದೆವು. ನಿಜವಾಗಿ ಕಾದೆವು. ಹಿತ್ತಲ ಕೋಳಿಯೊಂದು ಒಳಗೆ ಬಂದು ಎರಡು ಬೀಜ ಕುಕ್ಕಿ ಹೋಯಿತು. ಅಷ್ಟೇ.

"ಒಂದು ಕಾಯಿ ಆದ್ರೂ ಬಾಯಿ ಬಿಡ್ತಾ?"

"ಇಲ್ಲ."

"ಕಾಯಿನೇ ನಿನ್ನ ಮಾತು ಕೇಳಲ್ಲ. ಜ್ವರ ಕೇಳ್ತೈತಾ?"

ಆಗ ಅತ್ತಳು. ಬಾಗಿ ರಾಶಿಯ ಮೇಲೆಯೇ ಮುಖವಿಟ್ಟು ಅತ್ತಳು. ಎದ್ದಾಗ ಕೆನ್ನೆಯ ತುಂಬ ಶೇಂಗಾ ಸಿಪ್ಪೆ. ಸೆರಗಿನಿಂದ ಒರೆಸಿದೆ. ತಬ್ಬಿಕೊಳ್ಳುವುದು, ಮುದ್ದಿಸುವುದು ನನಗೆ ಮೊದಲಿಂದಲೂ ಬರುವುದಿಲ್ಲ. ಒಂದು ಹಿಡಿ ಬೀಜ ಕೊಟ್ಟೆ, ತಿಂದಳು.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮಧ್ಯಾಹ್ನ ಉಣ್ಣುವಾಗ ಸುಮ ಅಂದಳು, "ಮೊದ್ಲು ಜಗಳೂರು ಅಂದ್ರಿ. ಆಮೇಲೆ ಚನ್ನಗಿರಿ ಅಂದ್ರಿ. ಈಗ ಹೊಳೆ ದಂಡೆ ಅಂತೀರಿ. ಜಾಗ ತೋರ್ಸು ನನಗೆ." ಅವಳ ಮಾತಿನಲ್ಲಿ ತಪ್ಪೇನಿತ್ತು? ಎರಡು ಸಲ ಸುಳ್ಳು ಹೇಳಿದವರು ಮೂರನೇ ಸಲ ನಿಜ ಹೇಳಿದರೆ ಯಾರು ನಂಬುತ್ತಾರೆ? ಮಾರನೇ ದಿನವೇ ಇಬ್ಬರನ್ನೂ ಕರೆದುಕೊಂಡು ಹೊನ್ನಾಳಿಗೆ ಹೊರಟೆ.

ದಾರಿಯುದ್ದಕ್ಕೂ ನನ್ನ ಸಿಟ್ಟೆಲ್ಲ ಗೌರಿಯ ಅತ್ತೆಯ ಮೇಲೆ. ಆಕೆಗೂ ನನಗೂ ಮದುವೆ ಮಾತುಕತೆಯಿಂದ ಅಷ್ಟಕ್ಕಷ್ಟೇ. ಹೊಸ್ತಿಲು ದಾಟುವ ಮೊದಲೇ ಶುರು ಮಾಡಿದೆ.

"ಏನ್ರೀ ಬೀಗರೆ, ಹೇಳಾದು ಹೇಳಿದ್ರಿ, ನನಗೊಂದು ಮಾತು ತಿಳಿಸಬಾರದಾಗಿತ್ತಾ? ಮಕ್ಕಳು ನನ್ನನ್ನ ಕಳ್ಳಿ ಮಾಡ್ಯಾವೆ."

"ನಾನ್ಯಾಕೆ ಹೇಳ್ಲಿ? ನಿಮ್ಮ ಮನೆ ದಿಕ್ಕಿಗೆ ನಾನು ಕೈ ಮಾಡಿ ತೋರಿಸಾದೂ ಇಲ್ಲ" ಎಂದು ಆಕೆಯೂ ಏರಿಸಿದರು.

ಒಳಗಿನಿಂದ ಗೌರಿಯ ದನಿ ಬಂತು. ಹತ್ತು ದಿನದಲ್ಲಿ ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. "ಬಯ್ಯಬ್ಯಾಡವ್ವ ಅವರನ್ನ. ಹೇಳಿದ್ದು ನಾನು. ನೀನು ಕಲಿಸಿದ್ದನ್ನೇ ಹೇಳಿದೆ."

ನನಗೆ ಅರ್ಥವಾಗಲಿಲ್ಲ. ಕೇಳುವಷ್ಟು ವ್ಯವಧಾನವೂ ಇರಲಿಲ್ಲ. ಅಂಗಡಿಯಿಂದ ಬಂದು ನಿಂತಿದ್ದ ಅಳಿಯನಿಗೆ, "ಮಕ್ಕಳಿಗೆ ಜಾಗ ತೋರಿಸ್ರಿ. ನೆನಪೈತಾ?" ಅಂದೆ. ಅವರು ತಲೆಯಾಡಿಸಿದರು. ಬೀಗಿತ್ತಿ ಬಾಯಿ ಬಡಿದುಕೊಂಡರು. ಹೆಣ್ಣುಮಕ್ಕಳು ಹೋಗುವ ಜಾಗವೇ ಅದು, ಊರವರು ಏನಂದಾರು? ಅಷ್ಟರಲ್ಲಿ ಗೌರಿ ಗೋಡೆ ಹಿಡಿದು ಎದ್ದು ಬಂದಳು. "ನಾನೂ ಬರ್ತೀನಿ" ಅಂದಳು. ಬಾಣಂತಿ ಮನೆ ದಾಟುವಂತಿಲ್ಲ. ಯಾರಾದರೂ ತಡೆಯುತ್ತಾರೆ ಎಂದು ನಾನು ಬೀಗಿತ್ತಿಯನ್ನು ನೋಡಿದೆ. ಆಕೆ ಗಳದ ಮೇಲಿದ್ದ ಉಣ್ಣೆ ಬಟ್ಟೆ ಎಳೆದು ಸೊಸೆಯ ಕಡೆ ಎಸೆದರು. "ಕಿವಿಗೆ ಗಾಳಿ ಹೊಕ್ತೈತೆ, ಕಟ್ಕಂಡು ಹೋಗು. ನನ್ನ ಮಾತು ಯಾರು ಕೇಳ್ತೀರಿ ಈ ಮನ್ಯಾಗೆ" ಎಂದು ಒಳಗೆ ಹೋಗಿಬಿಟ್ಟರು.

ಹೊಳೆ ಬೇಸಿಗೆಗೆ ಬತ್ತಿ ದೂರ ಸರಿದಿತ್ತು. ಅಳಿಯ ಮುಂದೆ, ಹಿಂದೆ ಮಕ್ಕಳು, ಅವರ ಹಿಂದೆ ಗೌರಿ ಮತ್ತು ನಾನು. ಜಾಗ ಹುಡುಕಬೇಕಾಗುತ್ತದೆ ಎಂದುಕೊಂಡಿದ್ದೆ. ಗಂಡಸರು ಹಿಂತಿರುಗಿ ನೋಡದೆ ಬರುವ ಜಾಗವಲ್ಲವೇ? ಆದರೆ ಅವರು ಅಂಗಡಿಗೆ ಹೋದಷ್ಟೇ ಸಲೀಸಾಗಿ ನಡೆದು ಒಂದು ಕಡೆ ನಿಂತರು. ಮಣ್ಣಿನ ಮೇಲೆ ಜಾಲಿ ಮುಳ್ಳು. ಬಾಡಿರಲಿಲ್ಲ, ಹಸಿ ಹಸಿ ಇತ್ತು.

"ಅಪ್ಪಾ, ನೀನು ದಿನಾ ಬರ್ತೀಯ?" ಸುಮ ಕೇಳಿದಳು.

"ಅಂಗಡಿ ತೆಗೆಯಾಕೆ ಮುಂಚೆ" ಅಂದರು. ಗೌರಿ ಗಂಡನ ಮುಖ ನೋಡಿದಳು. ಒಂದೇ ಮನೆಯಲ್ಲಿದ್ದೂ ಅವಳಿಗೆ ಗೊತ್ತಿರಲಿಲ್ಲ.

ಪುಟ್ಟಿ ತಲೆ ಯಾವ ಕಡೆ ಎಂದು ಕೇಳಿದಳು. ಅವರು ತೋರಿಸಿದರು. ಗೌರಿ ಮುಳ್ಳು ಸರಿಸಿ ಅಂಗೈ ಮಣ್ಣಿನ ಮೇಲಿಟ್ಟು ಕುಳಿತಳು, ಜ್ವರ ನೋಡುವಾಗ ಇಡುವ ಹಾಗೆ. ಸ್ವಲ್ಪ ಹೊತ್ತಿಗೆ ಸುಮ ಕೂಡ ಅವ್ವನ ಕೈಯ ಪಕ್ಕ ಕೈಯಿಟ್ಟಳು. ಮುಟ್ಟಬ್ಯಾಡ ಎಂದು ಯಾರೂ ಅನ್ನಲಿಲ್ಲ. ನನ್ನ ಬರಿಗಾಲು ಮರಳಿಗೆ ಸುಡುತ್ತಿತ್ತು, ಅದನ್ನೇ ನೋಡುತ್ತ ನಿಂತೆ.

ಹಿಂದೆ ಬರುವಾಗ ಗೌರಿ ಮೆಲ್ಲಗೆ ನಡೆಯುತ್ತ ಕೇಳಿದಳು: "ಅವ್ವ, ನನ್ನ ತಮ್ಮ ಎಲ್ಲವ್ನೆ?"

"ಈರಣ್ಣ ಚನ್ನಗಿರಿಯಾಗೆ ಅಲ್ವೇನೆ."

"ಅವನಲ್ಲ. ಅವನಿಗಿಂತ ಮೊದಲಿನವನು."

ಗೌರಿಗೆ ಐದು ವರ್ಷವಿದ್ದಾಗ ನನಗೊಂದು ಗಂಡು ಹುಟ್ಟಿ ಎರಡು ತಿಂಗಳಿಗೆ ಹೋಗಿತ್ತು. ಆ ಮಾತು ನಮ್ಮ ಮನೆಯಲ್ಲಿ ಯಾರೂ ಎತ್ತಿದ್ದಿಲ್ಲ. ಅವಳಿಗೆ ನೆನಪಿರಬಹುದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

"ಉಬ್ರಾಣಿ ಅಜ್ಜಿ ಮನೆಗೆ ಹೋಗೈತೆ ಅಂದಿದ್ಯಲ್ಲವ್ವ. ನಾನು ಹುಡುಕಲಿಲ್ಲ ಅನ್ಕಂಡ್ಯಾ? ಆ ಸಲ ಉಬ್ರಾಣಿಗೆ ಹೋದಾಗ ಅಟ್ಟ ಹತ್ತಿ ಬಿದ್ದೆನಲ್ಲ. ಬೆಲ್ಲ ಕದಿಯಾಕೆ ಹತ್ತಿದ್ಲು ಅಂತ ನೀನು ಹೊಡೆದೆ."

ಹೊಡೆದದ್ದು ನೆನಪಿತ್ತು. ಉಬ್ರಾಣಿ ನನ್ನ ತವರು. ಹಣೆ ಒಡೆದುಕೊಂಡ ಮಗುವಿಗೆ ಎಲ್ಲರೆದುರು ಹೊಡೆದಿದ್ದೆ.

"ಎಲ್ಲವ್ನೆ ಅಂತ ನನಗೂ ಗೊತ್ತಿಲ್ಲ ಕಣೆ" ಅಂದೆ. ನಿಜವನ್ನೇ ಹೇಳಿದೆ. ಕೇಳಬಾರದೆಂದಿದ್ದರು, ಇಪ್ಪತ್ತಮೂರು ವರ್ಷ ಕೇಳಿರಲಿಲ್ಲ.

ಜಗಳೂರಿಗೆ ಬಂದವಳೇ ನಮ್ಮ ಮನೆಯವರನ್ನು ಕೇಳಿದೆ. ಅವರು ಬಾಗಿಲಿಗೆ ಹೋಗಿ ಹೊಲದ ದಿಕ್ಕು ನೋಡಿದರು. ಆಮೇಲೆ, "ಮೇಲಿನ ಹೊಲದ ಬದುವಿನಾಗೆ ಹುಣಸೇಮರ ಐತಲ್ಲ, ಅದರ ಬುಡದಾಗೆ" ಅಂದರು. "ನೀನು ದಿನಾ ಬುತ್ತಿ ಬಿಚ್ಚಿ ಉಣ್ಣೋ ಕಡೆ. ಬೇರೆ ಕಡೆ ಕೂತ್ಕೊಳೆ ಅಂತ ಹೇಳಾನ ಅಂತ ಎಷ್ಟೋ ಸಲ ಬಾಯಿಗೆ ಬಂತು. ಇರಲಿ, ಅವನ ಹತ್ರಾನೇ ಕೂತಿದ್ದಾಳೆ ಅಂತ ಸುಮ್ಮನಾದೆ."

ಗೌರಿಗೆ ಹೇಳಿ ಕಳಿಸಿದೆ. ಬಂದಳು, ಇಬ್ಬರೂ ಹೋಗಿ ಕುಳಿತು ಬಂದೆವು. ಸುಮ ಈಗ ತಾನೂ ಮಕ್ಕಳ ತಾಯಿ. ತಮ್ಮನನ್ನು ಅವಳು ಮರೆಯಲಿಲ್ಲ, ಮರೆಯಲಿ ಎಂದು ನಾನು ಹೇಳ ಹೋಗಲಿಲ್ಲ. ಹುಡುಕುವುದನ್ನು ಮಾತ್ರ ಬಿಟ್ಟಳು. ನಮ್ಮ ಮನೆಯವರು ಹೋಗಿ ಹನ್ನೆರಡು ವರ್ಷವಾಯಿತು. ಈಗ ನನಗೆ ಅಷ್ಟು ದೂರ ನಡೆಯಲಾಗುವುದಿಲ್ಲ, ಹೊಲ ನೋಡಿ ಮೂರು ಬೇಸಿಗೆಯಾಯಿತು.

ಮೊನ್ನೆ ಸೊಪ್ಪು ಅರ್ಧಕ್ಕೆ ಬಿಟ್ಟು ಈರಣ್ಣನನ್ನು ಕರೆದೆ. ಅವನಿಗೂ ತಲೆ ಬೆಳ್ಳಗಾಗಿದೆ, ಓದಿ ಬಂದ ಮೇಲೆ ಇಷ್ಟು ವರ್ಷವೂ ಆ ಹೊಲ ಮಾಡಿದವನು ಅವನೇ.

"ನಾಳೆ ಗಾಡಿ ತೆಗಿ, ಮೇಲಿನ ಹೊಲಕ್ಕೆ ಹೋಗಬೇಕು" ಅಂದೆ.

"ಒಳ್ಳೇದಾತು ನೀನೇ ಅಂದಿದ್ದು. ನಾನೂ ಹೇಳಬೇಕು ಅಂತಿದ್ದೆ. ಬದುವಿನ ಹುಣಸೇಮರದ ನೆರಳಿಗೆ ನಾಕು ಸಾಲು ಬೆಳೇನೇ ಬರಲ್ಲ. ಈ ಸಲ ಬುಡಸಮೇತ ತೆಗೆಸ್ಬಿಡಾನ ಅಂತ ಮಾಡೀನಿ, ಜೆಸಿಬಿಯವನಿಗೆ ಹೇಳೀನಿ. ನಿನಗೇನು ಕೆಲಸ ಅಲ್ಲಿ?"

ನಾನು ಅವನ ಮುಖ ನೋಡಿದೆ. ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಊರೆಲ್ಲ ಬೈದುಕೊಂಡು ತಿರುಗಿದವಳು ನಾನು. ಇವನೂ ಆ ಕೂಸಿಗೆ ತಮ್ಮನೇ. ಇವನಿಗೆ ಅಜ್ಜಿ ಮನೆ ಎಂಬ ಸುಳ್ಳನ್ನು ಕೂಡ ನಾನು ಹೇಳಿರಲಿಲ್ಲ, ಏನನ್ನೂ ಹೇಳಿರಲಿಲ್ಲ.

"ಜೆಸಿಬಿಯವನಿಗೆ ಬ್ಯಾಡ ಅನ್ನು" ಅಂದೆ. "ಆಮೇಲೆ ಇಲ್ಲಿ ಕೂತ್ಕ. ನಿನಗೊಬ್ಬ ಅಣ್ಣ ಇದ್ದ."